ಕೂಲಿಯ ಲೆಕ್ಕ, ಸಾವಿನ ಲೆಕ್ಕ: ತಳಕು ಸೀಮೆಯ ಕೆರೆ ಕಾಮಗಾರಿಯ ಜಾನಪದ ಇತಿಹಾಸ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ಇಂತಹ ನೆಲದಲ್ಲಿ ಊರೊಂದು ಉಳಿಯುವುದು ಅದರ ಕೆರೆಯನ್ನು ಅವಲಂಬಿಸಿತ್ತು. ಕೆರೆಗಳನ್ನು ಕುರಿತ ಅಧ್ಯಯನಗಳು ಸಾಮಾನ್ಯವಾಗಿ ಕಟ್ಟಿಸಿದವರು ಯಾರು, ಯಾವ ಕಾಲದಲ್ಲಿ ಕಟ್ಟಿಸಿದರು ಎಂಬ ಪ್ರಶ್ನೆಗಳಿಂದ ಆರಂಭವಾಗುತ್ತವೆ. ಕೈಯಾರೆ ಕಟ್ಟಿದವರಿಗೆ ಕೂಲಿ ಹೇಗೆ ಸಂದಿತು, ಕೆಲಸದಲ್ಲಿ ಮಡಿದವರನ್ನು ಸಮಾಜ ಯಾವ ಲೆಕ್ಕಕ್ಕೆ ಸೇರಿಸಿತು ಎಂಬ ಎರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನವು ತಳಕು ಸೀಮೆಯ ಐತಿಹ್ಯಗಳ ಹಿನ್ನೆಲೆಯಲ್ಲಿ ಪರಿಶೀಲಿಸುತ್ತದೆ.

ತಳಕಿನ ನೆರೆಯ ಹೋಬಳಿ ಕೇಂದ್ರವಾದ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಈ ಭಾಗದ ಜನಮನದಲ್ಲಿ ಪವಾಡಪುರುಷನಾಗಿ ನೆಲೆಸಿರುವಂತೆಯೇ ಕೆರೆಗಳನ್ನು ಕಟ್ಟಿಸಿದ ಕಾಯಕಯೋಗಿಯಾಗಿಯೂ ಪ್ರಸಿದ್ಧ. ಹಿರೇಕೆರೆ, ಚಿಕ್ಕಕೆರೆ ಮೊದಲಾದ ಐದು ಕೆರೆಗಳನ್ನು ಆತ ಕಟ್ಟಿಸಿದನೆಂದು ಐತಿಹ್ಯ ಹೇಳುತ್ತದೆ. ದಿನದ ಕೆಲಸ ಮುಗಿದ ಮೇಲೆ ಮರಳಿನ ಗುಡ್ಡೆಗಳನ್ನು ಮಾಡಿಸುತ್ತಿದ್ದನೆಂದೂ ಪ್ರತಿಯೊಬ್ಬ ಕೂಲಿಕಾರನಿಗೆ ತನ್ನ ಗುಡ್ಡೆಯಲ್ಲಿ ದುಡಿಮೆಗೆ ತಕ್ಕಷ್ಟು ಹಣ ದೊರೆಯುತ್ತಿತ್ತೆಂದೂ ಪ್ರತೀತಿ. 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಸ್ವಾಮಿಯ ನುಡಿ ಈ ಸೀಮೆಯ ನಾಣ್ಣುಡಿಯಾಗಿದೆ.

ಈ ಐತಿಹ್ಯವನ್ನು ಕೇವಲ ಪವಾಡವೆಂದು ಬದಿಗಿರಿಸಲಾಗದು. ಮಣ್ಣು ಕೆಲಸದಲ್ಲಿ ಅಗೆದ ಕುಣಿಯ ನಡುವೆ ಮೂಲ ನೆಲದ ಮಟ್ಟದ ಒಂದು ಮಣ್ಣಿನ ದಿಂಡನ್ನು ಉಳಿಸಿ, ಅದರ ಎತ್ತರದಿಂದ ಆಳವನ್ನು ಅಳೆದು ಕೂಲಿ ನಿರ್ಧರಿಸುವ ಪದ್ಧತಿ ಬಹುಕಾಲ ರೂಢಿಯಲ್ಲಿತ್ತು. ಗುಡ್ಡೆಯೇ ದುಡಿಮೆಗೆ ಸಾಕ್ಷಿ. ಮರಳಿನ ಗುಡ್ಡೆಯ ಕಥೆಯಲ್ಲಿ ಇಂತಹ ಅಳತೆಯ ಕ್ರಮವೊಂದರ ನೆನಪು ಉಳಿದಿದೆಯೆಂದು ಊಹಿಸಲು ಅವಕಾಶವಿದೆ. ಅಳತೆ ಮಾಡುವವನು ಮೋಸ ಮಾಡದಿರಲಿ ಎಂಬ ಕೂಲಿಕಾರರ ಆಶಯಕ್ಕೆ ಐತಿಹ್ಯವು ದೈವದ ಭರವಸೆಯನ್ನು ಒದಗಿಸಿದೆ.

ಲಿಖಿತ ಆಕರಗಳಲ್ಲಿಯೂ ದುಡಿಮೆಯ ಲೆಕ್ಕ ದೊರೆಯುತ್ತದೆ. ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರ ಭವದೂರನು ಇಂದಿನ ಆಂಧ್ರಪ್ರದೇಶದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಸಂಸ್ಕೃತ ಶಾಸನವು ಎರಡು ವರ್ಷಗಳ ಕಾಲ ದಿನಂಪ್ರತಿ 1,000 ಕೆಲಸಗಾರರೂ ಕಲ್ಲು ಸಾಗಿಸಲು 100 ಬಂಡಿಗಳೂ ದುಡಿದುದನ್ನು ದಾಖಲಿಸುತ್ತದೆ. ಒಳ್ಳೆಯ ಕೆರೆಗೆ ಬೇಕಾದ 12 ಸಾಧನಗಳನ್ನು ಹೇಳುವಾಗ ಗಟ್ಟಿ ಮಣ್ಣಿನ ನೆಲ, ಹತ್ತಿರದ ಕಲ್ಲುಗಣಿ, ಜಲಶಾಸ್ತ್ರ ಬಲ್ಲವನು ಎಂಬವುಗಳೊಂದಿಗೆ ನುರಿತ ಕೆಲಸಗಾರರ ತಂಡವನ್ನೂ ಅದು ಸೇರಿಸುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ನೀರಿಗೂ ನೆಲಕ್ಕೂ ಹೊಂದಾಣಿಕೆಯಿಲ್ಲದಿರುವುದು ಮೊದಲಾದ ಆರು ದೋಷಗಳನ್ನು ಪಟ್ಟಿಮಾಡುತ್ತದೆ. ಕಾಮಗಾರಿಯ ಯೋಜನೆ, ಸಾಮಗ್ರಿ ಮತ್ತು ಜನಬಲದ ನಿರ್ವಹಣೆಯನ್ನು ಕುರಿತ ಇಷ್ಟು ಸ್ಪಷ್ಟವಾದ ಪ್ರಾಚೀನ ದಾಖಲೆ ವಿರಳ. ಏರಿ ಏಕೆ ಕೆಡುತ್ತದೆ ಎಂಬುದಕ್ಕೆ ಇಲ್ಲಿ ಕಾರಣಗಳ ಪಟ್ಟಿಯಿದೆ. ಏರಿ ಕಟ್ಟುವವನು ಏಕೆ ಸಾಯುತ್ತಾನೆ ಎಂಬುದಕ್ಕೆ ಇಲ್ಲ.

ಆ ಎರಡನೆಯ ಪ್ರಶ್ನೆಗೆ ಸಮಾಜ ನೀಡಿದ ಉತ್ತರ ಬಲಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನು ಇಂದಿನ ಹೊಸಪೇಟೆಯ ಬಳಿ ಕಟ್ಟಿಸುತ್ತಿದ್ದ ಕೆರೆಯಲ್ಲಿ 15ರಿಂದ 20 ಸಾವಿರ ಜನ ದುಡಿಯುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಕಟ್ಟೆ ಎರಡು ಮೂರು ಬಾರಿ ಒಡೆದಾಗ ದೈವ ಮುನಿದಿದೆಯೆಂದು ಪುರೋಹಿತರು ಹೇಳಿದುದರಿಂದ 60 ಜನರ ತಲೆ ಕಡಿಸಲಾಯಿತೆಂದೂ ತಿಳಿಸುತ್ತಾನೆ. ಅನಂತರದ ನೂನಿಜ್‌ನ ಪ್ರಕಾರ ಹೀಗೆ ಬಲಿಯಾದವರು ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳು. ಕಟ್ಟೆ ಒಡೆದುದರ ಕಾರಣವನ್ನು ಮಣ್ಣಿನಲ್ಲಿಯೂ ಗಾರೆಯಲ್ಲಿಯೂ ಹುಡುಕುವ ಬದಲು ದೈವದ ಹಸಿವಿನಲ್ಲಿ ಹುಡುಕಿದ ಮನೋಧರ್ಮ ಇಲ್ಲಿ ಸ್ಪಷ್ಟವಾಗಿದೆ.

'ಕೆರೆಗೆ ಹಾರ' ಕಥನಗೀತೆಯು ಇದೇ ನಂಬಿಕೆಯನ್ನು ಆಧರಿಸಿದೆಯಾದರೂ ಅದನ್ನು ಪೂರ್ಣವಾಗಿ ಒಪ್ಪುವುದಿಲ್ಲವೆಂಬುದು ಗಮನಾರ್ಹ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದಿರಲು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡಲು ಹಿರಿಯರು ನಿಶ್ಚಯಿಸುತ್ತಾರೆ. ನೀರು ಬಂದಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ದಂಡಿನಿಂದ ಮರಳಿದ ಗಂಡ ಮಾದೇವರಾಯ ಅದೇ ಕೆರೆಗೆ ಹಾರುತ್ತಾನೆ. ಊರಿಗೆ ನೀರು ಬಂದುದರಿಂದ ಸಾವಿನ ಲೆಕ್ಕ ಚುಕ್ತವಾಗಲಿಲ್ಲ ಎಂದು ಜನಪದ ಕವಿ ಸೂಚಿಸುತ್ತಾನೆ. ಶಾಸನಗಳು ಸತ್ತವರ ಬಗ್ಗೆ ಮೌನ ವಹಿಸಿದಲ್ಲಿ ಹಾಡು ಮಾತ್ರ ಸತ್ತವಳ ಹೆಸರನ್ನು ಉಳಿಸಿತು.

ಆದರೆ ಬಲಿಯ ಪರಿಭಾಷೆಯು ನಿಜವಾದ ಅಪಾಯವನ್ನು ಮರೆಮಾಡಿತೆಂಬುದನ್ನೂ ಒಪ್ಪಬೇಕು. ಮಣ್ಣು ಅಗೆಯುವವರ ಮುಖ್ಯ ಶತ್ರು ಕುಸಿಯುವ ದಂಡೆ. ಅಳತೆಗೆ ತಕ್ಕ ಕೂಲಿ ಇರುವಲ್ಲಿ ದಂಡೆಯ ಬುಡವನ್ನು ಕೊರೆದು ಮೇಲಿನ ಮಣ್ಣು ತಾನಾಗಿ ಕುಸಿಯುವಂತೆ ಮಾಡುವುದು ಶ್ರಮ ಉಳಿಸುವ ಉಪಾಯ. ಪ್ರಾಣ ತೆಗೆಯುವ ಉಪಾಯವೂ ಅದೇ. 'ಮಾಡಿದಷ್ಟು' ಎಂಬ ನ್ಯಾಯವು ರಕ್ಷಣೆಯ ಏರ್ಪಾಡಿಲ್ಲದಿದ್ದರೆ ಆತುರಕ್ಕೆ ಪ್ರೇರಣೆಯಾಗುತ್ತದೆ. 1.5 ಮೀಟರಿಗಿಂತ ಆಳವಾದ ಕಂದಕದ ದಂಡೆಗಳನ್ನು ಇಳಿಜಾರಾಗಿ ಕಡಿಯಬೇಕು ಅಥವಾ ಆಸರೆ ಕೊಟ್ಟು ನಿಲ್ಲಿಸಬೇಕು ಎಂಬ ಭಾರತೀಯ ಮಾನಕದ ನಿಯಮಕ್ಕೆ ಕಾರಣ ಇದೇ. ಕುಸಿತಕ್ಕೆ ಬಲಿಯೆಂದು ಹೆಸರಿಟ್ಟಾಗ ದಂಡೆಯ ಬುಡವನ್ನು ಕೊರೆಯಲು ಬಿಟ್ಟವರು ಯಾರು ಎಂಬ ಪ್ರಶ್ನೆ ಏಳುವುದೇ ಇಲ್ಲ.

ಆಧುನಿಕ ಕಾಲದಲ್ಲಿಯೂ ಈ ಮರೆವು ಬೇಗ ನೀಗಲಿಲ್ಲ. ಚಳ್ಳಕೆರೆಯತ್ತ ಹರಿಯುವ ವೇದಾವತಿಗೆ ಹಿರಿಯೂರಿನ ಬಳಿ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ಅಣೆಕಟ್ಟೆಗೆ ಮಹಾರಾಣಿಯ ಗೌರವಾರ್ಥ ವಾಣಿವಿಲಾಸ ಸಾಗರವೆಂಬ ಹೆಸರಾಯಿತು. ಜನರ ಬಾಯಲ್ಲಿ ಕಣಿವೆಯ ಮಾರಮ್ಮನ ಹೆಸರಿನಿಂದ ಅದು ಮಾರಿಕಣಿವೆಯಾಗಿಯೇ ಉಳಿಯಿತು. ಕಲ್ಲು ಹೊತ್ತವರ ಸುಳಿವು ಎರಡು ಹೆಸರುಗಳಲ್ಲಿಯೂ ಇಲ್ಲ.

ಕಟ್ಟಡ ಕಾರ್ಮಿಕರ ಸಾವು ಮತ್ತು ಗಾಯಗಳನ್ನು ವರದಿ ಮಾಡಲೇಬೇಕಾದ ಘಟನೆಗಳೆಂದು ಪ್ರತ್ಯೇಕವಾಗಿ ವಿಧಿಸಿದ್ದು 1996ರ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯಿದೆ. ಸಾವು ಸಂಭವಿಸಿದಾಗ ಅಥವಾ 48 ಗಂಟೆಗಳ ಕಾಲ ದುಡಿಯಲಾಗದಂತಹ ಪೆಟ್ಟಾದಾಗ ಮಾಲೀಕನು ತಿಳಿವಳಿಕೆ ನೀಡಬೇಕೆಂದೂ 500 ಅಥವಾ ಹೆಚ್ಚು ಜನ ದುಡಿಯುವಲ್ಲಿ ಸುರಕ್ಷತಾ ಸಮಿತಿ ಇರಬೇಕೆಂದೂ ಅದು ನಿಯಮಿಸಿತು. ಕರ್ನಾಟಕದಲ್ಲಿ ಇದರ ನಿಯಮಗಳು 2006ರಲ್ಲಿ, ಕಲ್ಯಾಣ ಮಂಡಳಿ 2007ರಲ್ಲಿ ಬಂದವು. ಉದ್ಯೋಗ ಖಾತರಿ ಯೋಜನೆ 2006ರಲ್ಲಿ ರಾಜ್ಯದ ಐದು ಜಿಲ್ಲೆಗಳಲ್ಲಿ ಮೊದಲು ಜಾರಿಯಾದಾಗ ಚಿತ್ರದುರ್ಗವೂ ಅವುಗಳಲ್ಲಿತ್ತು. ಅಳತೆಗೆ ಕೂಲಿ ಎಂಬ ಹಳೆಯ ಕ್ರಮದ ಜೊತೆಗೆ ನೆರಳು, ಕುಡಿಯುವ ನೀರು, ಪ್ರಥಮ ಚಿಕಿತ್ಸೆಗಳೂ ಆಗ ಕಾರ್ಮಿಕನ ಹಕ್ಕುಗಳಾದವು. 1996ರ ಕಾಯಿದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ.

ಮೇಲಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ನಮ್ಮ ಪರಂಪರೆಯಲ್ಲಿ ಕೂಲಿಯ ಲೆಕ್ಕಕ್ಕೆ ಅಳತೆಯ ಆಧಾರವಿತ್ತು, ಸಾವಿನ ಲೆಕ್ಕ ಮಾತ್ರ ದೈವದ ಪಾಲಾಗಿತ್ತು. ಇವೆರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುವುದೇ ಕಾರ್ಯಸ್ಥಳ ಸುರಕ್ಷತೆಯ ಇತಿಹಾಸದ ಸಾರ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತ ವಿಜ್ಞಾನ ಸಂಸ್ಥೆಗಳ ದೊಡ್ಡ ಕಟ್ಟಡಗಳು ಎದ್ದಿವೆ. ಸೊನ್ನಲಿಗೆಯ ಸಿದ್ಧರಾಮನನ್ನು ಗುರುವೆಂದು ನಂಬಿ ಕಲ್ಲು ಮಣ್ಣಿನ ಕಾಯಕ ಮಾಡಿಕೊಂಡು ಬಂದ ಭೋವಿ ಸಮುದಾಯದ ಹಿರಿಯರಲ್ಲಿ ಕಲ್ಲಿನ ಸೀಳು, ಮಣ್ಣಿನ ಬಿರುಕು, ಕುಸಿತದ ಮುನ್ಸೂಚನೆಗಳನ್ನು ಗುರುತಿಸುವ ಪದಸಂಪತ್ತು ಇದೆ. ಜನಪದ ವಿದ್ವಾಂಸರು ಹಾಡುಗಳೊಂದಿಗೆ ಈ ಪದಗಳನ್ನೂ ಅಪಘಾತಗಳ ನೆನಪುಗಳನ್ನೂ ಸಂಗ್ರಹಿಸಿ ತಾಂತ್ರಿಕ ತಜ್ಞರ ಮುಂದಿಡುವುದು ತುರ್ತಾಗಿ ಆಗಬೇಕಾದ ಕೆಲಸ.