ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಮೊಬೈಲ್‌ನಲ್ಲಿ ಪಾಠ: ಏನು, ಎಲ್ಲಿ ಸಿಗುತ್ತದೆ?

ಜೂನ್ ತಿಂಗಳು ಬಂತೆಂದರೆ ನನ್ನ ಅಂಗಡಿಗೆ ನೋಟ್‌ಬುಕ್ ಕೊಳ್ಳಲು ಬರುವ ಹೆತ್ತವರದ್ದು ಒಂದೇ ಪ್ರಶ್ನೆ: "ಕನ್ನಡ ಮೀಡಿಯಂ ಗೈಡ್ ಉಂಟಾ?" ಮಂಗಳೂರಿನಿಂದ ತರಿಸಬಹುದು, ಆದರೆ ಅದು ಕರ್ನಾಟಕದ ಸಿಲಬಸ್‌ನದ್ದು. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಕನ್ನಡ ಶಾಲೆಗಳಲ್ಲಿ ನಡೆಯುವುದು ಕೇರಳ ಎಸ್‌ಸಿಇಆರ್‌ಟಿಯ ಪುಸ್ತಕ. ಮಂಗಳೂರಿನ ಗೈಡ್ ಭಾಷೆಗೆ ಸರಿ, ಪಾಠಕ್ಕೆ ಸರಿಯಲ್ಲ. ಮಲಯಾಳಂ ಗೈಡ್ ಪಾಠಕ್ಕೆ ಸರಿ, ಭಾಷೆಗೆ ಸರಿಯಲ್ಲ.

ಮೊಬೈಲ್‌ನಲ್ಲಿಯೂ ಇದೇ ಕತೆ. ಯೂಟ್ಯೂಬ್‌ನಲ್ಲಿ "ಸಮಾಜ ವಿಜ್ಞಾನ ಕನ್ನಡ" ಎಂದು ಹುಡುಕಿದರೆ ಮೊದಲು ಬರುವುದು ಹೆಚ್ಚಾಗಿ ಕರ್ನಾಟಕದ ಪಾಠ. ನಮ್ಮ ಸಂಬಂಧಿಕರ ಹುಡುಗನೊಬ್ಬ ಎಸೆಸೆಲ್ಸಿ ಪರೀಕ್ಷೆಗೆ ಮೊದಲು ಒಂದು ವಾರ ಶ್ರದ್ಧೆಯಿಂದ ವೀಡಿಯೊ ನೋಡಿ ನೋಟ್ಸ್ ಬರೆದ. ಅವನ ಪುಸ್ತಕದಲ್ಲಿ ಆ ಅಧ್ಯಾಯವೇ ಇರಲಿಲ್ಲ. ತಪ್ಪು ಅವನದ್ದಲ್ಲ. ಯಾವುದು ನಮ್ಮದು ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ, ಅಷ್ಟೆ.

ಹಾಗಾಗಿ ಮೊದಲ ಕೆಲಸ ಸರಿಯಾದ ಪುಸ್ತಕವನ್ನು ಫೋನಿನಲ್ಲಿ ಇಟ್ಟುಕೊಳ್ಳುವುದು. ಕೇರಳದ ಶಾಲೆಗಳ ತಂತ್ರಜ್ಞಾನದ ಕೆಲಸ ನೋಡಿಕೊಳ್ಳುವುದು ಕೈಟ್ ಎಂಬ ಸರಕಾರಿ ಸಂಸ್ಥೆ. 2001ರ ಹೊತ್ತಿಗೆ ಶುರುವಾದ ಐಟಿ@ಸ್ಕೂಲ್ ಯೋಜನೆಯೇ 2017ರಲ್ಲಿ ಕೈಟ್ ಆಯಿತು. ಇದರ 'ಸಮಗ್ರ' ಪೋರ್ಟಲ್‌ನಲ್ಲಿ ಮಲಯಾಳಂ, ಇಂಗ್ಲಿಷ್, ತಮಿಳು, ಕನ್ನಡ ನಾಲ್ಕೂ ಮಾಧ್ಯಮಗಳ ಪಠ್ಯಪುಸ್ತಕ ಪಿಡಿಎಫ್ ರೂಪದಲ್ಲಿ ಸಿಗುತ್ತದೆ. ಮಾಧ್ಯಮ ಕನ್ನಡ ಎಂದು ಆರಿಸಿ, ತರಗತಿ ಮತ್ತು ವಿಷಯ ಒತ್ತಿ, ಒಮ್ಮೆ ಇಳಿಸಿಕೊಂಡರೆ ಆಯಿತು. ಮತ್ತೆ ನೆಟ್ ಬೇಡ. ವೀಡಿಯೊ ನೋಡುವ ಮೊದಲು ಪಾಠದ ಹೆಸರನ್ನು ಈ ಪಿಡಿಎಫ್ ಜೊತೆ ತಾಳೆ ನೋಡುವ ಅಭ್ಯಾಸ ಮಾಡಿಸಿ. ವ್ಯಾಪಾರದಲ್ಲಿ ಬಿಲ್ಲಿಗೆ ಸಾಮಾನು ತಾಳೆ ನೋಡುತ್ತೇವಲ್ಲ, ಹಾಗೆಯೇ.

ವೀಡಿಯೊ ವಿಷಯಕ್ಕೆ ಬಂದರೆ, ವಿಕ್ಟರ್ಸ್ ಚಾನೆಲ್ ಹೊಸತಲ್ಲ. 2005ರಲ್ಲಿ ಆಗಿನ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅದನ್ನು ಉದ್ಘಾಟಿಸಿದ್ದರು. ಆದರೆ ನಮ್ಮ ಮನೆಗಳಲ್ಲಿ ಅದರ ಹೆಸರು ಕೇಳಿದ್ದು 2020ರ ಜೂನ್ 1ರಂದು, ಕೊರೋನಾ ಸಮಯದಲ್ಲಿ 'ಫಸ್ಟ್ ಬೆಲ್' ತರಗತಿಗಳು ಶುರುವಾದಾಗ. ಮುಖ್ಯ ಚಾನೆಲ್ ಮಲಯಾಳಂ. ಕನ್ನಡದ ಪಾಠಗಳು ಬಂದದ್ದು ಯೂಟ್ಯೂಬ್‌ನಲ್ಲಿ. ನನ್ನ ಮಗಳು ಆಗ ಒಂದನೇ ತರಗತಿ. ಅಂಗಡಿ ಬಾಗಿಲು ಹಾಕಿ ಮನೆಯಲ್ಲೇ ಇದ್ದೆ, ಹಾಗಾಗಿ ಪಕ್ಕದಲ್ಲಿ ಕೂತೆ. ಅವಳು ಟೀಚರ್‌ಗೆ ಉತ್ತರ ಹೇಳಿ, ಸ್ವಲ್ಪ ಕಾದು, "ಉಪ್ಪಾ, ಟೀಚರ್‌ಗೆ ಕೇಳಿಸಲಿಲ್ಲವಾ?" ಎಂದಳು. ಆ ಪ್ರಶ್ನೆ ನನಗೆ ಇನ್ನೂ ಮರೆತಿಲ್ಲ. ಪರದೆ ಹೇಳುತ್ತದೆ, ಕೇಳುವುದಿಲ್ಲ. ಕೇಳುವ ಕೆಲಸಕ್ಕೆ ಉಪ್ಪನೋ ಉಮ್ಮನೋ ಅಣ್ಣನೋ ಬೇಕು.

ನಮ್ಮ ಮಕ್ಕಳಿಗೆ ಮತ್ತೊಂದು ಕಷ್ಟ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಆಫೀಸು-ಬಸ್ಸಿನಲ್ಲಿ ಮಲಯಾಳಂ. ಮಾತಾಡಲು ಮೂರೂ ಬರುತ್ತದೆ, ಓದಲು ಕೂತರೆ ತಡವರಿಸುತ್ತಾರೆ. ಇದಕ್ಕೆ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್'. 2015ರಲ್ಲಿ ಶುರುವಾದದ್ದು, ಪೂರ್ತಿ ಉಚಿತ. ಚಿತ್ರಕಥೆಗಳನ್ನು ನಾಲ್ಕು ಹಂತದಲ್ಲಿ ಜೋಡಿಸಿದ್ದಾರೆ. ಮೊದಲ ಹಂತದಲ್ಲಿ ಪುಟಕ್ಕೆ ಒಂದೆರಡು ಸಾಲು ಅಷ್ಟೆ. ಒಂದೇ ಕಥೆ ಹಲವು ಭಾಷೆಗಳಲ್ಲಿ ಇರುವುದರಿಂದ ಕನ್ನಡದಲ್ಲಿ ಓದಿಸಿ, ನಂತರ ಅದನ್ನೇ ಮಲಯಾಳಂನಲ್ಲಿ ತೆರೆಯಬಹುದು. ಕಥೆ ಮೊದಲೇ ಗೊತ್ತಿದ್ದರೆ ಅಕ್ಷರದ ಹೆದರಿಕೆ ಅರ್ಧ ಹೋಗುತ್ತದೆ. ಓದಿ ಮುಗಿದ ಮೇಲೆ ಬ್ಯಾರಿಯಲ್ಲಿ ಉಮ್ಮನಿಗೆ ಹೇಳಲಿ. ಅರ್ಥ ಆಗಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಕಾಗುಣಿತಕ್ಕೆ ಫೋನಿನ ಕೀಬೋರ್ಡ್‌ನಲ್ಲಿರುವ ಮೈಕ್ ಗುರುತು ಸಾಕು. ಕನ್ನಡ ಆರಿಸಿ ಮಗು ಮಾತಾಡಿದರೆ ಅಕ್ಷರ ಮೂಡುತ್ತದೆ. ಫೋನ್ ತಪ್ಪು ಬರೆದರೆ ಇನ್ನೂ ಒಳ್ಳೆಯದು, ತಿದ್ದುವ ಖುಷಿ ಮಗುವಿಗೆ.

ವಿಜ್ಞಾನ, ಗಣಿತಕ್ಕೆ ಸಿಲಬಸ್‌ನ ತಲೆಬಿಸಿ ಕಡಿಮೆ. ಭಿನ್ನರಾಶಿ ತಲಪಾಡಿಯ ಆಚೆಗೂ ಈಚೆಗೂ ಭಿನ್ನರಾಶಿಯೇ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ 'ಫೆಟ್' ಎಂಬ ಉಚಿತ ಪ್ರಯೋಗಗಳನ್ನು 2002ರಲ್ಲಿ ಶುರುಮಾಡಿದವರು ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್. ಕೆಲವು ಕನ್ನಡಕ್ಕೂ ಬಂದಿವೆ. ಬ್ಯಾಟರಿ, ವಯರ್, ಬಲ್ಬನ್ನು ಬೆರಳಲ್ಲೇ ಎಳೆದು ಜೋಡಿಸಿದರೆ ಬಲ್ಬು ಉರಿಯುತ್ತದೆ, ವಯರ್ ಬಿಟ್ಟರೆ ಆರುತ್ತದೆ. ನಮ್ಮ ಕಾಲದಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆವು.

ಸಣ್ಣ ಮಕ್ಕಳ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಒಂದು ವರ್ಷದ ಮಗುವಿಗೆ ಬೇಡವೇ ಬೇಡ. ಊಟ ಮಾಡಿಸಲು ಫೋನ್ ಕೊಡುವವರು ಇದನ್ನು ಗಮನಿಸಿ.

ನಮ್ಮಲ್ಲಿ ಮಗ್ರಿಬ್ ಕಳೆದು ಇಶಾ ಬಾಂಗ್ ಆಗುವವರೆಗೆ ಫೋನ್ ಮಕ್ಕಳದ್ದು, ನಾನೋ ಅವರ ಉಮ್ಮನೋ ಪಕ್ಕದಲ್ಲಿ. ನೋಟಿಫಿಕೇಶನ್ ಆಫ್. ಫೋನಿನಲ್ಲಿ ಜಾಗವಿಲ್ಲ ಎನ್ನುವವರು ವಾಟ್ಸ್‌ಆಪ್ ಗ್ರೂಪಿನ ಗುಡ್ ಮಾರ್ನಿಂಗ್ ಚಿತ್ರಗಳನ್ನೂ ಮದುವೆ ವೀಡಿಯೊಗಳನ್ನೂ ಡಿಲೀಟ್ ಮಾಡಿ ನೋಡಿ, ಒಂದು ತರಗತಿಯ ಪುಸ್ತಕಗಳಿಗೆ ಅಷ್ಟು ಜಾಗ ಸಾಕು.