ಸೈಟು, ಫ್ಲ್ಯಾಟು ತಕರಾರಿಗೆ ರೇರಾ: ಯಾವುದು ಬರುತ್ತೆ, ಯಾವುದು ಬರಲ್ಲ?

ಬಿಳಿಚೋಡು: ಅಡಿಕೆ, ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ದಾವಣಗೆರೆಯಲ್ಲೊಂದು ಸೈಟು ಮಾಡಿಡೋಣ ಎನ್ನುವವರು ನಮ್ಮ ಹೋಬಳಿಯಲ್ಲೂ ಬಹಳ. ಅಡ್ವಾನ್ಸ್ ಕೊಟ್ಟಾದ ಮೇಲೆ ರಸ್ತೆ, ಚರಂಡಿ, ಕರೆಂಟು ಬರದಿದ್ದರೆ ಯಾರನ್ನು ಕೇಳಬೇಕು? ಇದಕ್ಕೆಂದೇ ಇರುವುದು ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಅಂದರೆ ರೇರಾ.

ಕೇಂದ್ರದ ಕಾಯ್ದೆ 2016ರದ್ದು. ರಾಜ್ಯದ ನಿಯಮಗಳು ಬಂದಿದ್ದು 2017ರ ಜುಲೈನಲ್ಲಿ. ಯೋಜನಾ ಪ್ರದೇಶದೊಳಗೆ 500 ಚದರ ಮೀಟರ್ ಮೀರಿದ ಜಾಗದ ಲೇಔಟ್ ಅಥವಾ 8ಕ್ಕಿಂತ ಹೆಚ್ಚು ಫ್ಲ್ಯಾಟುಗಳ ಯೋಜನೆಯನ್ನು ನೋಂದಣಿ ಮಾಡಿಸದೆ ಜಾಹೀರಾತು ಕೊಡುವಂತಿಲ್ಲ, ಮಾರುವಂತಿಲ್ಲ. ಬೋರ್ಡಿನಲ್ಲಿ ‘ರೇರಾ ಅಪ್ರೂವ್ಡ್’ ಅಂತ ಬರೆದಿದ್ದರೆ ಸಾಲದು. ನೋಂದಣಿ ಸಂಖ್ಯೆ ಕೇಳಿ, ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಮಾರಾಟದ ಕರಾರು ನೋಂದಣಿ ಆಗುವ ಮೊದಲು ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ನಮ್ಮಲ್ಲಿ ಅರ್ಧ ದುಡ್ಡನ್ನು ಬಿಳಿ ಹಾಳೆಯ ಮೇಲೆ ಬರೆಸಿಕೊಂಡು ಕೊಟ್ಟು ಬರುವವರೇ ಜಾಸ್ತಿ.

ಯೋಜನಾ ಪ್ರದೇಶದ ಹೊರಗಿನ ಹಳ್ಳಿಗಳ ಕತೆ ಬೇರೆ. ಅಲ್ಲಿ ಸ್ಥಳೀಯ ಸಂಸ್ಥೆಯ ಅನುಮತಿ ಪಡೆದ ಯೋಜನೆಗೆ ನೋಂದಣಿ ತಾನಾಗಿ ಕಡ್ಡಾಯವಲ್ಲ. ಕೊಂಡವರ ಹಿತಕ್ಕೆ ಬೇಕೆನಿಸಿದರೆ ಪ್ರಾಧಿಕಾರ ಆದೇಶಿಸಬಹುದು, ಅಷ್ಟೆ. ಹಾಗಾಗಿ ಊರ ಪಕ್ಕದ ಸೈಟಿಗೆ ಭೂ ಪರಿವರ್ತನೆ, ಇ-ಸ್ವತ್ತು ನೀವೇ ನೋಡಿಕೊಳ್ಳಬೇಕು.

ದೂರು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಹೇಳಿದ ದಿನಕ್ಕೆ ಸ್ವಾಧೀನ ಕೊಡದಿದ್ದರೆ ಬಡ್ಡಿ ಸಮೇತ ಹಣ ವಾಪಸ್ ಕೇಳಬಹುದು. ಮನೆ ಬೇಕೇ ಬೇಕು ಎಂದರೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ. ಸ್ವಾಧೀನ ಪಡೆದ 5 ವರ್ಷದೊಳಗೆ ಗೋಡೆ, ಕಟ್ಟಡದ ರಚನೆಯಲ್ಲಿ ದೋಷ ಕಂಡರೆ 30 ದಿನದಲ್ಲಿ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಹಣ ವಾಪಸ್ ಮತ್ತು ಬಡ್ಡಿಯನ್ನು ತೀರ್ಮಾನಿಸುವುದು ಪ್ರಾಧಿಕಾರ. ಅದರ ಮೇಲಿನ ನಷ್ಟ ಪರಿಹಾರವನ್ನು ತೀರ್ಮಾನಿಸುವುದು ಜಿಲ್ಲಾ ನ್ಯಾಯಾಧೀಶರ ದರ್ಜೆಯ ನ್ಯಾಯನಿರ್ಣಯ ಅಧಿಕಾರಿ. 2021ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನ್ಯೂಟೆಕ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಎರಡಕ್ಕೂ ಅರ್ಜಿ ನಮೂನೆ ಬೇರೆ ಬೇರೆ.

ಆದೇಶ ಒಪ್ಪದವರು 60 ದಿನದೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಗ್ರಾಹಕರಿಗೆ ಕೊಡಬೇಕಾದ ಪೂರ್ತಿ ಹಣ ಠೇವಣಿ ಇಟ್ಟರೆ ಮಾತ್ರ ಬಿಲ್ಡರ್‌ನ ಮೇಲ್ಮನವಿ ವಿಚಾರಣೆಗೆ ಬರುತ್ತದೆ. ಮೇಲ್ಮನವಿಗೂ ಹೋಗದೆ, ದುಡ್ಡೂ ಕೊಡದೆ ಕೂತರೆ? ಭೂಕಂದಾಯ ಬಾಕಿಯಂತೆ ವಸೂಲಿ ಮಾಡಬೇಕು. ಆ ಕೆಲಸ ರೇರಾದ್ದಲ್ಲ, ಕಂದಾಯ ಇಲಾಖೆಯದು. ಆದೇಶದ ಕಾಗದ ಕೈಗೆ ಬಂದ ಮೇಲೂ ಜನ ಅಲೆಯುವುದು ಈ ಹಂತದಲ್ಲೇ. ವಸೂಲಿ ಪ್ರಮಾಣಪತ್ರ ಯಾವ ತಹಶೀಲ್ದಾರರ ಬಳಿ ಹೋಗಿದೆ ಅಂತ ಬೆನ್ನು ಹತ್ತಿ ಕೇಳುತ್ತಿರಬೇಕು.

ಇನ್ನು ಸ್ವಂತ ಜಾಗದಲ್ಲಿ ಮೇಸ್ತ್ರಿಗೆ ಗುತ್ತಿಗೆ ಕೊಟ್ಟು ಕಟ್ಟಿಸಿದ ಮನೆ. ನಮ್ಮ ಕಡೆ ಹೆಚ್ಚು ಜಗಳ ಇದೇ, ಆದರೆ ಇದು ರೇರಾಗೆ ಬರಲ್ಲ. ಮನೆ ನಿರ್ಮಾಣವೂ ಗ್ರಾಹಕ ಕಾಯ್ದೆಯಡಿ ‘ಸೇವೆ’ ಆಗಿರುವುದರಿಂದ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. 2 ವರ್ಷದೊಳಗೆ ದೂರು ಕೊಡಬೇಕು. ಕರಾರು ಪತ್ರ, ಹಣ ಕೊಟ್ಟ ರಸೀದಿ ಅಥವಾ ಫೋನ್‌ಪೇ ದಾಖಲೆ, ಬಿರುಕಿನ ಫೋಟೊ ಜೊತೆಗಿರಲಿ.