ಅಂಗಳಕ್ಕೆ ಬಂದ ಶಾಲೆ

ಅಂಗನವಾಡಿಯೆಂದರೆ ಇಂದು ನಮಗೆ ಸರಕಾರದ ಯೋಜನೆಯೊಂದರ ಹೆಸರು; ಆದರೆ ಆ ಹೆಸರಿನೊಳಗಿನ ಅಂಗಳವು ನಿಜವಾದ ಅಂಗಳವೇ ಆಗಿದ್ದ ಕಾಲವೊಂದಿತ್ತೆಂಬುದನ್ನೂ, ಅದು ನಮ್ಮ ನೆರೂಳಿರುವ ಈ ಠಾಣೆ ಜಿಲ್ಲೆಗೇ ಅಂದು ಸೇರಿದ್ದು 2014ರಿಂದ ಪಾಲ್ಘರ್ ಜಿಲ್ಲೆಗೆ ಸಂದಿರುವ ಬೋರ್ಡಿಯೆಂಬ ಕಡಲತಡಿಯ ಹಳ್ಳಿಯಲ್ಲಿತ್ತೆಂಬುದನ್ನೂ ಬಲ್ಲವರು ನಮ್ಮ ಕನ್ನಡಿಗರಲ್ಲಿ ವಿರಳ.

1945ರಲ್ಲಿ ಅಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ತೆರೆದ ತಾರಾಬಾಯಿ ಮೋಡಕರು ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ವರ್ಷಗಟ್ಟಲೆ ದುಡಿದವರು. ವಕೀಲಿಯನ್ನು ತೊರೆದು ಮಕ್ಕಳ ನಡುವೆ ಕುಳಿತ ಆ ಮಹನೀಯನನ್ನು ಜನ ‘ಮೀಸೆಯ ತಾಯಿ’ಯೆಂದು ಅಕ್ಕರೆಯಿಂದ ಕರೆದರು. 1926ರಲ್ಲಿ ಇವರಿಬ್ಬರೂ ನೂತನ ಬಾಲ ಶಿಕ್ಷಣ ಸಂಘವನ್ನು ಸ್ಥಾಪಿಸಿ, ಮರಿಯಾ ಮಾಂಟೆಸರಿಯವರು 1907ರಲ್ಲಿ ರೋಮಿನಲ್ಲಿ ಆರಂಭಿಸಿದ್ದ ಪದ್ಧತಿಯನ್ನು ಈ ನೆಲಕ್ಕೆ ಒಗ್ಗಿಸಲೆಳಸಿದರು.

ಬೋರ್ಡಿಯಲ್ಲಿ ಬಾಲವಾಡಿಯ ಬಾಗಿಲು ತೆರೆದಿದ್ದರೂ ದಲಿತರ ಕೇರಿಯ, ಆದಿವಾಸಿಗಳ ಹಾಡಿಯ ಮಕ್ಕಳು ಒಳಗೆ ಬರಲಿಲ್ಲ. ಬರಲಾರದವರ ಬಳಿಗೆ ಶಾಲೆಯೇ ಹೋಗತಕ್ಕದ್ದೆಂದು ನಿಶ್ಚಯಿಸಿದ ತಾರಾಬಾಯಿಯವರೂ, ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡು ಹಟಹಿಡಿದು ಓದಿ ಶಿಕ್ಷಕಿಯಾಗಿದ್ದ ಅನುತಾಯಿ ವಾಘರೂ ಕೇರಿಗೆ ನಡೆದುಹೋಗಿ, ಅಂಗಳವನ್ನು ಗುಡಿಸಿ, ಮಕ್ಕಳ ಕೈಕಾಲು ತೊಳೆದು, ತಲೆ ಬಾಚಿ, ಅಲ್ಲಿಯೇ ಆಟ ಹೂಡಿದರು.

ಆಟದ ಸಾಮಗ್ರಿಯ ವಿಷಯವನ್ನು ಇಲ್ಲಿ ಕೊಂಚ ವಿಸ್ತರಿಸಬೇಕು. ಗಾತ್ರಕ್ರಮದಲ್ಲಿ ಕಡೆದ ಮರದ ಉರುಳೆಗಳು, ಗುಲಾಬಿ ಬಣ್ಣದ ಹತ್ತು ಘನಗಳ ಗೋಪುರ ಮುಂತಾದ ಮಾಂಟೆಸರಿ ಉಪಕರಣಗಳು ಬಡ ಹಳ್ಳಿಗೆ ನಿಲುಕತಕ್ಕವಾಗಿರಲಿಲ್ಲವಾದುದರಿಂದ, ಅವುಗಳ ಸ್ಥಾನದಲ್ಲಿ ಚಿಪ್ಪು, ಕಲ್ಲು, ಬೀಜ, ಎಲೆ, ಕಡ್ಡಿಗಳು ಬಂದವು. ಇದರಿಂದ ಪದ್ಧತಿಗೆ ಲಾಭವೇ ಆಯಿತೆಂಬುದು ನನ್ನ ದೃಢವಾದ ನಂಬಿಕೆ. ಮರದ ಉರುಳೆಯು ತನ್ನ ಕುಳಿಯೊಂದನ್ನುಳಿದು ಬೇರೆಲ್ಲಿಯೂ ಕೂಡದು. ಉಪಕರಣವನ್ನು ಗೊತ್ತಾದ ಕೆಲಸವನ್ನು ಬಿಟ್ಟು ಮನಬಂದ ಆಟಕ್ಕೆ ಬಳಸುವುದನ್ನು ಮಾಂಟೆಸರಿಯವರು ಮೆಚ್ಚಿದವರೂ ಅಲ್ಲ. ಚಿಪ್ಪಾದರೋ, ಸಣ್ಣದು ದೊಡ್ಡದೆಂದು ಸಾಲಾಗಿ ಜೋಡಿಸಿಯಾದ ಮೇಲೆ, ಬಟ್ಟಲಾದೀತು, ದೋಣಿಯಾದೀತು, ಮದುಮಗಳ ಬಾಸಿಂಗವೂ ಆದೀತು. ಮಗು ಏನೆಂದು ಕರೆದರೆ ಅದು ಅದೇ. ಕಲ್ಪನೆಯೆಂಬುದು ಇಂತಹ ಮರುನಾಮಕರಣದಲ್ಲಿಯೇ ಮೊದಲು ಕಣ್ಣು ತೆರೆಯುವುದನ್ನು ಮಕ್ಕಳ ಬಳಿ ಕುಳಿತವರೆಲ್ಲ ಕಂಡಿದ್ದಾರೆ.

1957ರಲ್ಲಿ ಕೇಂದ್ರವು ಕೋಸಬಾಡದ ಗುಡ್ಡಕ್ಕೆ ಹೋಯಿತು. ದನ ಕಾಯುವ ವಾರಲಿ ಆದಿವಾಸಿ ಮಕ್ಕಳಿಗಾಗಿ ಅಲ್ಲಿ ಹುಲ್ಲುಗಾವಲಿನಲ್ಲಿಯೇ ‘ಕುರಣಶಾಲೆ’ ನಡೆಯಿತು. ತಾರಾಬಾಯಿಯವರು 1973ರಲ್ಲಿ ತೀರಿಕೊಂಡರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ಕೇಂದ್ರಗಳಿಗೆ ಸಂದ ಹೆಸರು ಅಂಗನವಾಡಿ. ನಮ್ಮ ತಿರುಮಕೂಡಲು ನರಸೀಪುರವೂ ಆ ಮೊದಲ ಪಟ್ಟಿಯಲ್ಲಿತ್ತು.

ನೆರೂಳಿನಲ್ಲಿ ಈಗ ಅಂಗಳವೆಲ್ಲಿ? ಆಗರಿ, ಕೋಳಿ ಜನರ ಹಳ್ಳಿಗಳಿದ್ದ ಈ ನೆಲವನ್ನು, 1970ರಲ್ಲಿ ಸ್ಥಾಪಿತವಾದ ನಗರ ನಿರ್ಮಾಣ ಸಂಸ್ಥೆ ಸಿಡ್ಕೋ ಸೆಕ್ಟರುಗಳಾಗಿ ವಿಭಾಗಿಸಿತು. ಕನ್ನಡಿಗರಾದ ನಾವೂ ಮಹಡಿಗಳನ್ನೇರಿ ಮನೆಮಾಡಿ, ಮೂರು ವರ್ಷದ ಮಕ್ಕಳ ಬೆನ್ನಿಗೆ ಚೀಲ ಕಟ್ಟಿ ನರ್ಸರಿಗೆ ಕಳುಹಿಸುತ್ತೇವೆ. ಸಂಜೆ ಆ ಚೀಲದಿಂದ ಹೊರಬರುವುದು ಅಕ್ಷರ ತಿದ್ದಿದ ಹಾಳೆ. ಇದನ್ನು ಕಾಣುವಾಗ ನನಗೆ ನಿಜವಾಗಿ ವ್ಯಥೆಯಾಗುತ್ತದೆ.

ಒಂದು ಜೂನ್ ತಿಂಗಳಲ್ಲಿ, ಮಣ್ಣೆತ್ತಿನ ಅಮಾವಾಸ್ಯೆಯ ಆಸುಪಾಸಿನ ದಿನ, ನಮ್ಮ ಬೀದಿಯಲ್ಲಿ ಏಳುತ್ತಿದ್ದ ಕಟ್ಟಡದ ಬಳಿ ವಿಜಾಪುರದ ಕಡೆಯ ಕೂಲಿಯವರ ಹುಡುಗನೊಬ್ಬ, ನಾಲ್ಕು ವರ್ಷದವನಿರಬೇಕು, ಪಾಯದಿಂದ ಎತ್ತಿಹಾಕಿದ ಮಣ್ಣನ್ನು ಮಳೆಯ ನೀರಿನಲ್ಲಿ ನಾದಿ ಎತ್ತು ಮಾಡುತ್ತಿದ್ದ. ಕೊಂಬಿಗೆ ಕಸಬರಿಗೆಯ ಎರಡು ಕಡ್ಡಿ, ಕಣ್ಣಿಗೆ ಜಲ್ಲಿಯ ಎರಡು ಹರಳು. ಹಿಣಿಲು ಕೈಯಲ್ಲಿ ನಿಲ್ಲದೆ ಕುಸಿಯುತ್ತಿದ್ದುದರಿಂದ, ನೆಲದಲ್ಲಿದ್ದ ಬಾಟಲಿಯ ಮುಚ್ಚಳವೊಂದನ್ನು ಹೆಕ್ಕಿ ಬೆನ್ನಿನ ಮೇಲಿಟ್ಟು, ಅದರ ಮೇಲೆ ಮಣ್ಣು ಮೆತ್ತಿದ. ನಾನು ಬಗ್ಗಿ ಕೈಚಾಚಿದೊಡನೆ ಅಡ್ಡ ಬಂದು, “ಇನ್ನಾ ಹಸಿ ಐತ್ರಿ, ಮುಟ್ಟಬ್ಯಾಡ್ರಿ” ಎಂದ.